ತುರಿಕೆ ನಾಯಿಗೆ, ಮದ್ದು ನೆಲಕ್ಕೆ

ಶ್ರಾವಣದ ಒಂದು ರಾತ್ರಿ, ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಸೋದರತ್ತೆಯ ಮಾಳಿಗೆಮನೆಯ ಪಡಸಾಲೆಯಲ್ಲಿ ಮಲಗಿದ್ದ ನನಗೆ ನಡುರಾತ್ರಿ ಕಳೆದರೂ ನಿದ್ರೆ ಹತ್ತಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಗ್ವಾದಲಿಯ, ಎಂದರೆ ದನಗಳಿಗೆ ಮೇವು ಹಾಕುವ ಗೋದಲಿಯ, ಕಡೆಯಿಂದ ಆಗೀಗ ಎತ್ತಿನ ಕೊರಳಗೆಜ್ಜೆಯ ನಾದ. ಇವೆರಡೂ ನಿದ್ರೆಗೆ ಜೋಗುಳವಾಗಬಲ್ಲ ಸದ್ದುಗಳೇ ಆಗಿದ್ದುವು. ಆದರೆ ಅವುಗಳ ನಡುವೆ, ಬಾಗಿಲಿನ ಹಲಗೆಯನ್ನು ಯಾರೋ ಬೆರಳ ಗಂಟಿನಿಂದ ಬಡಿಯುತ್ತಿರುವಂತೆ, ಟಕಟಕನೆ ಮೂರನೆಯದೊಂದು ಸದ್ದು ಎದ್ದು, ಕ್ಷಣಕಾಲ ನಿಂತು, ಮತ್ತೆ ಎದ್ದು, ನನ್ನನ್ನು ಹಾಸಿಗೆಯಿಂದ ಎಬ್ಬಿಸಿಯೇ ಬಿಟ್ಟಿತು. ಕಂದೀಲು ಹಿಡಿದು ನೋಡಿದರೆ ಹೊಸ್ತಿಲಾಚೆಯ ಗೋಣಿತಟ್ಟಿನ ಮೇಲೆ ಮನೆಯ ನಾಯಿ ಕಾಳ್ಯಾ ತನ್ನ ಹಿಂಗಾಲಿನಿಂದ ಪಕ್ಕೆಯನ್ನು ಕೆರೆದುಕೊಳ್ಳುತ್ತಲಿತ್ತು. ಕೆರೆತದ ರಭಸಕ್ಕೆ ಅದರ ಮೊಣಕಾಲು ಬಾಗಿಲಿಗೆ ತಾಗುತ್ತಲಿತ್ತು. ಬಾಲದ ಬುಡದಲ್ಲಿ ಅಂಗೈಯಗಲ ಕೂದಲುದುರಿ, ಕೆಂಪಾಗಿ, ಒಸರುವ ಹುಣ್ಣು.

“ಮಳಿ ಹತ್ತಿದಾಗಿಂದ ಇದಕ ತಿಂಡಿ ಭಾಳ ಆಗೇತಿ ನೋಡಪಾ. ಕಡಕೊಂಡ ಕಡಕೊಂಡ ಹುಣ್ಣ ಮಾಡಿಕೊಂಡೈತಿ” ಎಂದು ಮರುದಿನ ಅತ್ತೆ ಹೇಳಿದಳು. ತಿಂಡಿಯೆಂದರೆ ಮೈಸೂರು ಸೀಮೆಯ ಓದುಗನ ಕಣ್ಣೆದುರು ಇಡ್ಲಿ ದೋಸೆಗಳು ಸುಳಿಯುವುವು. ಭೀಮೆ ಕೃಷ್ಣೆಯರ ನಡುವಣ ಈ ನಾಡಿನಲ್ಲಾದರೋ ತಿಂಡಿಯೆಂದರೆ ಮೈಯ ತುರಿಕೆ, ಆಯುರ್ವೇದದ ಆಚಾರ್ಯರು ಕಂಡೂ ಎಂದು ಕರೆದ ಬಾಧೆ. ಚರ್ಮವನ್ನು ಕಾಣದ ಬಾಯೊಂದು ತಿನ್ನುತ್ತಿರುವುದೆಂಬ ಅನುಭವಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು. ಕಾಳ್ಯಾನ ವಿಷಯದಲ್ಲಂತೂ ಆ ಮಾತು ಅಕ್ಷರಶಃ ಸತ್ಯವಾಗಿತ್ತು.

ನೆರೆಹೊರೆಯವರು ಅಂದೇ ಮೂರು ಮದ್ದುಗಳನ್ನು ಸೂಚಿಸಿದರು. ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಬಳಿಯಿರೆಂದು ಒಬ್ಬರು, ಹತ್ತಿಗೆ ಹೊಡೆಯುವ ‘ಎಣ್ಣಿ’ಯನ್ನು ನಾಲ್ಕು ಹನಿ ನೀರಿನಲ್ಲಿ ಕದಡಿ ಮೈ ತೊಳೆಯಿರೆಂದು ಮತ್ತೊಬ್ಬರು, ಲಿಂಬೆಹಣ್ಣು ಹೋಳು ಮಾಡಿ ಹುಣ್ಣಿಗೆ ತಿಕ್ಕಿರೆಂದು ಮೂರನೆಯವರು. ಮೂವರ ಅಂತಃಕರಣವೂ ನಿರ್ಮಲವಾದುದೇ. ಆದರೆ ಮೂರು ಮದ್ದುಗಳೂ ನಾಯಿಯ ಮೈಯನ್ನು ಮಾತ್ರ ನೋಡುತ್ತಿದ್ದುವು. ಆ ನಾಯಿ ಮಲಗಿದ್ದ ಗೋಣಿತಟ್ಟನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಸಾರಮೇಯನ ಸೀಮೆ

ವಿಜಯಪುರ (ಹಿಂದಿನ ಬಿಜಾಪುರ) ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನಾಯಿಯು ಪಟ್ಟಣದವರ ಅರ್ಥದಲ್ಲಿ ಮುದ್ದಿನ ಪ್ರಾಣಿಯಲ್ಲ. ಅದಕ್ಕೆ ಇಲ್ಲಿ ಉದ್ಯೋಗವುಂಟು. ಹೊಲದ ರಾಶಿಯನ್ನು ಕಾಯುವುದು, ಕುರಿಹಿಂಡಿನ ಅಂಚಿನಲ್ಲಿ ತೋಳನ ವಾಸನೆ ಹಿಡಿಯುವುದು, ತೋಟದ ಮನೆಯಲ್ಲಿ ರಾತ್ರಿಯ ಪಹರೆ ನಡೆಸುವುದು ಅದರ ಪಾಲಿಗೆ ಬಂದ ಕಾಯಕ. ಈ ಕಾಯಕಕ್ಕೆ ದೈವದ ಮನ್ನಣೆಯೂ ಇದೆ. ಮೈಲಾರಲಿಂಗನ ಪರಿವಾರದಲ್ಲಿ ನಾಯಿಗೆ ಸ್ಥಾನವಿದ್ದು, ಅವನ ಭಕ್ತರಾದ ವಗ್ಗಯ್ಯಗಳು ಕಂಬಳಿ ಹೊದ್ದು, ಹಣೆತುಂಬ ಭಂಡಾರ ಬಳಿದುಕೊಂಡು, ತಾವೇ ದೇವರ ನಾಯಿಗಳಾಗಿ ಬೊಗಳುತ್ತಾರೆ. ಈ ಜಿಲ್ಲೆಯವನೆಂದು ಹೆಸರಾದ ಹಾವಿನಹಾಳ ಕಲ್ಲಯ್ಯನೆಂಬ ಶರಣನು, ವಿದ್ಯೆಯ ಗರ್ವದಿಂದ ಬೀಗುತ್ತಿದ್ದವರೆದುರು ನಾಯಿಯ ಬಾಯಿಂದ ವೇದವನ್ನೋದಿಸಿದನೆಂಬ ಪವಾಡಕಥೆ ಶರಣಚರಿತೆಗಳಲ್ಲಿ ಬರುತ್ತದೆ.

ಅರಮನೆಗಳೂ ನಾಯಿಯನ್ನು ಕಡೆಗಣಿಸಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕೀರ್ತಿವರ್ಮನು ಕನ್ನಡದಲ್ಲಿ ದನಗಳಿಗೆಂದು ಗೋವೈದ್ಯವನ್ನು ರಚಿಸಿದನು. ಅದೇ ವಂಶದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ತನ್ನ ಸಂಸ್ಕೃತ ವಿಶ್ವಕೋಶದಲ್ಲಿ, ರಾಜರ ವಿನೋದಗಳನ್ನು ಎಣಿಸುವಾಗ, ಸಾರಮೇಯವಿನೋದವೆಂದು ನಾಯಿಗಳಿಗಾಗಿಯೇ ಒಂದು ಭಾಗವನ್ನು ಮೀಸಲಿಟ್ಟನು. ಹಿಂದೆ ಅವಿಭಕ್ತ ಬಿಜಾಪುರ ಜಿಲ್ಲೆಯಲ್ಲಿದ್ದು, 1997ರಿಂದ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿಯ ಚಿತ್ರವನ್ನು 2005ರಲ್ಲಿ ಅಂಚೆ ಇಲಾಖೆ ಚೀಟಿಯ ಮೇಲೆ ಅಚ್ಚು ಹಾಕಿಸಿತು. ಆ ತಳಿಯ ಸಂವರ್ಧನೆಗೆಂದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೊಂದು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿದೆ. ಹೀಗೆ ದೇವರ ಬಳಿ, ಅರಸರ ಬಳಿ, ಅಂಚೆಚೀಟಿಯ ಮೇಲೆ ಕೂಡ ಎಡೆ ಪಡೆದ ಪ್ರಾಣಿಯು ಹೊಸ್ತಿಲ ಬಳಿಯ ತನ್ನ ಹಾಸಿಗೆಯಲ್ಲಿ ಮಾತ್ರ ಸುಖವಾಗಿ ಮಲಗಲಾರದೆ ಇರುಳೆಲ್ಲ ಬಾಗಿಲು ಬಡಿಯುವುದು ನಮ್ಮ ಅಲಕ್ಷ್ಯದ ಫಲ. ಕಲ್ಲಯ್ಯನ ನಾಯಿ ವೇದವನ್ನೋದಿತು. ನಮ್ಮ ನಾಯಿಗೆ ತಿಳಿದಿರುವುದು ಕೆರೆತದ ಭಾಷೆಯೊಂದೇ. ಅದನ್ನು ಓದುವ ಹೊಣೆ ನಮ್ಮದು.

ಎಳ್ಳಿನಷ್ಟು ಜೀವ

ಕಾಳ್ಯಾನನ್ನು ತಿನ್ನುತ್ತಿದ್ದ ಆ ಕಾಣದ ಬಾಯಿ ಚಿಗಟದ್ದು. ಚಿಗಟಕ್ಕೆ ರೆಕ್ಕೆಯಿಲ್ಲ. ಎರಡು ಮೂರು ಮಿಲಿಮೀಟರು ಉದ್ದದ, ಕಂದುಬಣ್ಣದ, ಎರಡು ಪಕ್ಕಗಳಿಂದ ಒತ್ತಿ ಚಪ್ಪಟೆ ಮಾಡಿದಂತಹ ಈ ಕೀಟವು ಕೂದಲಿನ ಕಾಡಿನಲ್ಲಿ ಮೀನಿನಂತೆ ನುಸುಳಬಲ್ಲುದು. ಬೆನ್ನಟ್ಟಿದ ಬೆರಳಿನಿಂದ ತಪ್ಪಿಸಿಕೊಂಡು ತನ್ನ ಮೈಯುದ್ದದ ನೂರರಷ್ಟು ದೂರ ನೆಗೆಯಬಲ್ಲುದು. ಅದರ ಕಾಲಬುಡದಲ್ಲಿ ರೆಸಿಲಿನ್ ಎಂಬ ಸ್ಥಿತಿಸ್ಥಾಪಕ ವಸ್ತುವಿದ್ದು, ಎಳೆದ ಬಿಲ್ಲಿನಂತೆ ಶಕ್ತಿಯನ್ನು ಸಂಗ್ರಹಿಸಿ ಒಮ್ಮೆಲೇ ಬಿಡುವುದರಿಂದ ಈ ನೆಗೆತ ಸಾಧ್ಯವಾಗುತ್ತದೆ. 1665ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕ ಗ್ರಂಥದಲ್ಲಿ ಇದರ ಚಿತ್ರವನ್ನು ಮಡಿಸಿಡಬೇಕಾದಷ್ಟು ದೊಡ್ಡ ಹಾಳೆಯಲ್ಲಿ ಬರೆದಾಗ, ಎಳ್ಳಿನಷ್ಟು ಜೀವಿಯು ಕವಚ ತೊಟ್ಟ ಯೋಧನಂತೆ ಕಂಡು ಲೋಕ ಬೆರಗಾಯಿತು. ಭಾರತದ ನಾಯಿಗಳಲ್ಲಿ ಹೆಚ್ಚಾಗಿ ಸಿಕ್ಕುವುದು ಬೆಕ್ಕಿನ ಚಿಗಟವೂ ಅದರ ನಿಕಟ ಬಂಧುವಾದ ಟೆನೊಸೆಫಲೈಡಿಸ್ ಓರಿಯೆಂಟಿಸ್ ಎಂಬ ಜಾತಿಯೂ ಎಂಬುದು ಸ್ವಾರಸ್ಯದ ಸಂಗತಿ.

ಕಚ್ಚುವಾಗ ಚಿಗಟವು ರಕ್ತ ಹೆಪ್ಪುಗಟ್ಟದಿರಲೆಂದು ತನ್ನ ಜೊಲ್ಲನ್ನು ಚರ್ಮದೊಳಕ್ಕೆ ಬಿಡುತ್ತದೆ. ಬಹಳ ನಾಯಿಗಳ ದೇಹವು ಆ ಜೊಲ್ಲನ್ನು ಶತ್ರುವೆಂದು ತಿಳಿದು ಕೆರಳುವುದರಿಂದ, ಒಂದೆರಡು ಕಡಿತಗಳಿಂದಲೇ ದಿನಗಟ್ಟಲೆ ತುರಿಕೆ ಹತ್ತುವುದುಂಟು. ಆದಕಾರಣವೇ “ನನ್ನ ನಾಯಿಯ ಮೈಮೇಲೆ ಒಂದು ಚಿಗಟವೂ ಕಾಣೆ, ಆದರೂ ಹುಣ್ಣು” ಎನ್ನುವವನ ಮಾತು ಸುಳ್ಳಲ್ಲದಿದ್ದರೂ ಅವನ ತೀರ್ಮಾನ ತಪ್ಪಾಗುತ್ತದೆ. ಸೊಂಟದ ಹಿಂಭಾಗ, ಬಾಲದ ಬುಡ, ತೊಡೆಯ ಒಳಮೈ, ಇವು ಚಿಗಟದ ಅಲರ್ಜಿಯು ತೋರಿಕೊಳ್ಳುವ ಸ್ಥಳಗಳು. ನಾಯಿ ಅಲ್ಲಿ ಕಚ್ಚಿ ನೆಕ್ಕಿ ಕೆರೆದು ಚರ್ಮವನ್ನು ಒಡೆಯುತ್ತದೆ; ಒಡೆದ ಚರ್ಮದಲ್ಲಿ ರೋಗಾಣುಗಳು ನೆಲೆಸುತ್ತವೆ; ನಿನ್ನೆ ಕೆಂಪು ಕಲೆಯಾಗಿದ್ದುದು ಇಂದು ಒಸರುವ ವ್ರಣವಾಗುತ್ತದೆ.

ಚಿಗಟವನ್ನು ಕಣ್ಣಾರೆ ಕಾಣದವನಿಗೂ ಒಂದು ಸುಲಭ ಪರೀಕ್ಷೆಯುಂಟು. ಬಿಳಿಯ ಬಟ್ಟೆಯನ್ನು ಒದ್ದೆ ಮಾಡಿ ನೆಲಕ್ಕೆ ಹಾಸಿ, ನಾಯಿಯನ್ನು ಅದರ ಮೇಲೆ ನಿಲ್ಲಿಸಿ, ಹೇನಿನ ಹಣಿಗೆಯಿಂದ ಬೆನ್ನನ್ನು ಬಾಚಬೇಕು. ಉದುರಿದ ಕರಿಯ ಹುಡಿಯು ಒದ್ದೆಬಟ್ಟೆಯ ಮೇಲೆ ಕರಿದಾಗಿಯೇ ಉಳಿದರೆ ಅದು ಎರೆಮಣ್ಣು. ಸುತ್ತ ಕೆಂಪು ಕಂದಾಗಿ ಹರಡಿದರೆ ಚಿಗಟದ ಹಿಕ್ಕೆ, ಅಂದರೆ ಜೀರ್ಣವಾಗಿ ಒಣಗಿದ ನಾಯಿಯ ರಕ್ತವೇ. ಕಾಳ್ಯಾನ ಬೆನ್ನಡಿಯ ಪಂಚೆಯ ತುಂಡು ಐದೇ ನಿಮಿಷದಲ್ಲಿ ಕುಂಕುಮದ ಚುಕ್ಕೆಗಳನ್ನು ಇಟ್ಟಂತಾಯಿತು.

ನೂರರಲ್ಲಿ ಐದು

ಇಷ್ಟಾದ ಮೇಲೆ ನಾಯಿಯನ್ನು ತೊಳೆದರೆ ಕೆಲಸ ಮುಗಿಯಿತೆಂದು ಭಾವಿಸುವುದು ಸಹಜ. ಹಾಗೆ ಭಾವಿಸಿದವರೆಲ್ಲ ಎರಡು ವಾರಗಳಲ್ಲಿ ಮತ್ತೆ ಅದೇ ಟಕಟಕ ಸದ್ದನ್ನು ಕೇಳಿದ್ದಾರೆ. ಏಕೆಂದರೆ ಹೆಣ್ಣು ಚಿಗಟವು ರಕ್ತ ಕುಡಿದ ಒಂದೆರಡು ದಿನಗಳಲ್ಲಿಯೇ ಮೊಟ್ಟೆಯಿಡತೊಡಗಿ, ದಿನವೊಂದಕ್ಕೆ 20ರಿಂದ 50ರವರೆಗೆ ಇಡುತ್ತದೆ. ಆ ಮೊಟ್ಟೆಗಳಿಗೆ ಅಂಟಿಲ್ಲ. ಹೇನಿನ ಸೀರಿನಂತೆ ಅವು ಕೂದಲಿಗೆ ಹತ್ತಿಕೊಳ್ಳದೆ, ನಾಯಿ ಮೈ ಕೊಡವಿದಾಗ, ಹೊರಳಾಡಿದಾಗ, ಮಲಗಿದಾಗ ನೆಲಕ್ಕೆ ಉದುರುತ್ತವೆ. ಕೆಲವು ದಿನಗಳಲ್ಲಿ ಒಡೆದು ಹೊರಬಂದ ಮರಿಹುಳುಗಳು ಬೆಳಕಿಗೆ ಅಂಜಿ ನೆಲದ ಬಿರುಕಿಗೆ, ಕಂಬದ ಬುಡಕ್ಕೆ, ಗೋಣಿತಟ್ಟಿನ ಮಡಿಕೆಗೆ ಸೇರಿ, ಮೇಲಿನಿಂದ ತಾಯಂದಿರು ಉದುರಿಸಿದ ಆ ಒಣರಕ್ತವನ್ನೇ ತಿಂದು ಬೆಳೆದು, ಧೂಳು ಮೆತ್ತಿಕೊಂಡ ಗೂಡು ಕಟ್ಟಿ, ಅದರೊಳಗೆ ಕೋಶಾವಸ್ಥೆಯಲ್ಲಿ ಕುಳಿತುಕೊಳ್ಳುತ್ತವೆ. ಅನುಕೂಲ ಹವೆಯಲ್ಲಿ ಈ ಸಂಸಾರಚಕ್ರ ಮೂರು ನಾಲ್ಕು ವಾರಗಳಲ್ಲಿ ಒಂದು ಸುತ್ತು ಬರುತ್ತದೆ. ತಜ್ಞರು ಸ್ಥೂಲವಾಗಿ ಹೇಳುವ ಲೆಕ್ಕದಂತೆ, ಒಂದು ಮನೆಯ ಚಿಗಟಸಂತಾನವು ನೂರಿದ್ದರೆ ನಾಯಿಯ ಮೈಮೇಲಿರುವ ಪ್ರಾಯದ ಚಿಗಟಗಳು ಐದು ಮಾತ್ರ. ಉಳಿದ ತೊಂಬತ್ತೈದು ಮೊಟ್ಟೆಯಾಗಿ, ಹುಳುವಾಗಿ, ಕೋಶವಾಗಿ ನೆಲದಲ್ಲಿರುತ್ತವೆ. ನಾಯಿಯ ಮೈಗೆ ಮಾತ್ರ ಮದ್ದು ಹಚ್ಚುವವನು ಐವರೊಡನೆ ಯುದ್ಧ ಮಾಡಿ ತೊಂಬತ್ತೈದು ಮಂದಿಗೆ ಮನೆಯಲ್ಲಿ ಊಟ ಹಾಕುತ್ತಾನೆ.

ಕೋಶದೊಳಗಿನ ಚಿಗಟದ ತಾಳ್ಮೆ ಇನ್ನೂ ಅಚ್ಚರಿಯದು. ಹೊರಗೆ ಉಣಿಸು ಉಂಟೆಂಬ ಸುಳಿವು, ಎಂದರೆ ಹೆಜ್ಜೆಯ ಕಂಪನ, ಮೈಯ ಬಿಸಿ, ಉಸಿರಿನ ಗಾಳಿ, ಸಿಗುವವರೆಗೂ ಅದು ತಿಂಗಳುಗಟ್ಟಲೆ ಗೂಡಿನಲ್ಲಿಯೇ ಕಾದಿರಬಲ್ಲುದು. ಗೂಡಿನೊಳಗಿರುವಾಗ ಕೀಟನಾಶಕವೂ ಅದನ್ನು ಸುಲಭವಾಗಿ ಮುಟ್ಟದು. ಈ ನಾಲ್ಕು ತಾಲೂಕುಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಕಟ್ಟಡದ ಕೆಲಸಕ್ಕೆ ಗೋವೆಗೂ ಗುಳೆ ಹೋಗುವ ಕುಟುಂಬಗಳು, ಬೀಗ ಜಡಿದ ಮನೆಯನ್ನು ತಿಂಗಳುಗಳ ಮೇಲೆ ತೆರೆದು ಕಾಲಿಟ್ಟೊಡನೆ ಮೊಣಕಾಲಿನವರೆಗೂ ಚಿಗಟ ಮುತ್ತುವ ಸೋಜಿಗವು ಇದರಿಂದ ಅರ್ಥವಾಗುತ್ತದೆ. ಬರಿದಾದ ಮನೆಯಲ್ಲಿ ಅವು ಎಲ್ಲಿಂದ ಬಂದುವೆಂದು ಕೇಳಬೇಕಾದುದಿಲ್ಲ. ಬಾಗಿಲ ಸಪ್ಪಳಕ್ಕಾಗಿಯೇ ಅವು ಕಾದಿದ್ದುವು.

ಇನ್ನು ಋತುವಿನ ಮಾತು. ಚಿಗಟದ ಮರಿಹುಳುವಿಗೆ ಬಿಸಿಲೂ ಒಣಹವೆಯೂ ಆಗದು. 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಬಿಸಿಯಲ್ಲಿ, ಗಾಳಿಯ ತೇವಾಂಶ ಅರ್ಧಕ್ಕಿಂತ ಕೆಳಗಿಳಿದ ಕಡೆಯಲ್ಲಿ ಅದು ಒಣಗಿ ಸಾಯುತ್ತದೆ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿ ದಾಟುವ ಇಂಡಿ ಸಿಂದಗಿಗಳ ಬಯಲು ಅದರ ಪಾಲಿಗೆ ಸ್ಮಶಾನವೇ ಸರಿ. ಆದರೆ ದಪ್ಪಗೋಡೆಯ ಮಾಳಿಗೆಮನೆಯ ತಂಪು ಮೂಲೆಗಳೂ, ಕಣಿಕಿಯ ಬಣವೆಯ ಅಡಿಯೂ, ಎತ್ತಿನ ಗಂಜಲದಿಂದ ಸದಾ ತೇವವಾಗಿರುವ ಕೊಟ್ಟಿಗೆಯ ನೆಲವೂ ಅದಕ್ಕೆ ಬೇಸಗೆಯ ಬಿಡಾರಗಳಾಗುತ್ತವೆ. ಮೊದಲ ಮಳೆ ಬಿದ್ದು ಹವೆ ತೇವಗೊಂಡು, ಬಿಸಿ 25ರಿಂದ 30 ಡಿಗ್ರಿಯ ಆಸುಪಾಸಿಗೆ ಇಳಿದೊಡನೆ ಅಳಿದುಳಿದವುಗಳ ಸಂತತಿ ತುಂಬಿ ತುಳುಕುತ್ತದೆ. ಕೃಷ್ಣೆಯ ಕಾಲುವೆಯ ನೀರು ಹರಿದು ಕಬ್ಬು ನಿಂತಿರುವ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೋಟದ ಮನೆಗಳಲ್ಲಿ ಈ ತೇವವು ಮಳೆಗಾಲವನ್ನೂ ಮೀರಿ ನಿಲ್ಲುವುದರಿಂದ, ಅಲ್ಲಿಯವರು ಎಚ್ಚರವನ್ನೂ ಅಷ್ಟೇ ಕಾಲ ಮುಂದುವರಿಸಬೇಕಾಗುತ್ತದೆ.

ನೆಲ ಬದಲಿಸಿದವರು

ನೆಲದಲ್ಲಿಯೇ ಕೇಡಿದೆಯೆಂಬ ತಿಳಿವು ನಮ್ಮ ಹಿರಿಯರಿಗೆ ಮತ್ತೊಂದು ಘೋರ ದಾರಿಯಿಂದ ಬಂದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಆ ಪ್ರಾಂತದ ಕನ್ನಡ ಜಿಲ್ಲೆಗಳಿಗೂ ಹಬ್ಬಿದಾಗ, ಮನೆಯಲ್ಲಿ ಇಲಿ ಬಿದ್ದೊಡನೆ ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿದ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೊಂ, ರೋಗವನ್ನು ಇಲಿಯಿಂದ ಇಲಿಗೆ ಸಾಗಿಸುವುದು ಚಿಗಟವೆಂದು ತೋರಿಸಿದನು. ಲೋಕವು ಆ ಮಾತನ್ನು ನಂಬಲು ಇನ್ನೂ ಕೆಲವು ವರ್ಷಗಳೇ ಹಿಡಿದುವು. ಆ ಚಿಗಟ ಇಲಿಯ ಚಿಗಟ. ನಮ್ಮ ನಾಯಿಯದಲ್ಲ, ಆದುದರಿಂದ ಓದುಗರು ಅಂಜಬೇಕಾದ ಕಾರಣವಿಲ್ಲ. ಆದರೆ ಶಾಸ್ತ್ರಜ್ಞರು ಕಾರಣವನ್ನು ಒಪ್ಪುವುದಕ್ಕೆ ಮೊದಲೇ ಊರು ಬಿಟ್ಟ ಜನ, ಚಿಗಟ ನೆಲೆಸಿದ ನೆಲವನ್ನೇ ತಮಗರಿವಿಲ್ಲದೆ ಬಿಟ್ಟು ಬದುಕಿದ್ದರು.

ಇದೇ ಉಪಾಯವನ್ನು ಕುರಿಗಾರರು ಇಂದಿಗೂ ನಡೆಸುತ್ತಿದ್ದಾರೆ. ಇಂದು ಒಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿ, ನಾಲ್ಕು ದಿನದ ಮೇಲೆ ಇನ್ನೊಬ್ಬರ ಹೊಲಕ್ಕೆ ಹಟ್ಟಿ ಎತ್ತುವ ಅವರ ನಾಯಿಯ ಮೈಯಿಂದ ಉದುರಿದ ಮೊಟ್ಟೆ ಒಡೆದು ಚಿಗಟವಾಗುವ ಹೊತ್ತಿಗೆ ನಾಯಿ ಹತ್ತು ಹರದಾರಿ ದೂರದಲ್ಲಿರುತ್ತದೆ. ಅಲೆಮಾರಿ ನಾಯಿಗೆ ಉಣ್ಣಿಯ ಕಾಟ ತಪ್ಪದು. ಚಿಗಟದ ಚಕ್ರವಾದರೋ ಅದರ ಹಿಂದೆ ಕಡಿದುಬೀಳುತ್ತದೆ. ಒಂದೇ ಹೊಸ್ತಿಲಿಗೆ, ಒಂದೇ ಗೋಣಿತಟ್ಟಿಗೆ ಕಟ್ಟುಬಿದ್ದ ಕಾಳ್ಯಾನಂತಹ ಗೃಹಸ್ಥ ನಾಯಿಗೆ ಆ ಭಾಗ್ಯವಿಲ್ಲ. ನಾಯಿ ನೆಲವನ್ನು ಬದಲಿಸಲಾರದಾದ ಕಾರಣ, ನಾವು ನೆಲವನ್ನು ಹೊಸದು ಮಾಡಿಕೊಡಬೇಕು.

ತುರಿಕೆಗಳೆಲ್ಲ ಒಂದಲ್ಲ

ಆದರೂ ಕೆರೆಯುವ ನಾಯಿಗಳೆಲ್ಲ ಚಿಗಟದಿಂದಲೇ ಕೆರೆಯುತ್ತವೆಂದು ತಿಳಿಯಬಾರದು. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಅಡಿಗಳಲ್ಲಿ ಕೂದಲುದುರಿ, ಬೂದಿಬಣ್ಣದ ಹೊಪ್ಪಳೆ ಕಟ್ಟಿ, ಹಗಲಿರುಳೂ ಬಿಡದ ತುರಿಕೆಯಾದರೆ ಅದು ಹುರುಕು, ಅಂದರೆ ಚರ್ಮದೊಳಗೆ ಸುರಂಗ ತೋಡುವ ಸಾರ್ಕೊಪ್ಟಿಸ್ ಎಂಬ ನುಸಿಯ ಕಜ್ಜಿಯಾಗಿರಬಹುದು. ಕಿವಿಯ ಅಂಚನ್ನು ಮಡಿಸಿ ಬೆರಳಿನಿಂದ ತಿಕ್ಕಿದೊಡನೆ ನಾಯಿಯ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿದರೆ ಈ ಸಂಶಯ ಬಲವಾಗುತ್ತದೆ. ಮನುಷ್ಯರ ಕಜ್ಜಿಗೆ ಇಂತಹ ನುಸಿಯೇ ಕಾರಣವೆಂದು ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಎಂಬಿಬ್ಬರು 1687ರಲ್ಲಿಯೇ ತೋರಿಸಿದ್ದರು. ನಾಯಿಯ ನುಸಿ ಮಕ್ಕಳ ಕೈ ಹೊಟ್ಟೆಗಳಿಗೂ ಹತ್ತಿ ಕೆಂಪು ಗುಳ್ಳೆ ಎಬ್ಬಿಸುವುದುಂಟು. ಮನುಷ್ಯನ ಮೈಯಲ್ಲಿ ಅದರ ವಂಶ ಬೆಳೆಯದಾದುದರಿಂದ, ನಾಯಿಗೆ ಗುಣವಾದ ಮೇಲೆ ಇದೂ ಇಳಿಯುತ್ತದೆ.

ಮರಿನಾಯಿಯ ಕಣ್ಣಿನ ಸುತ್ತ, ಬಾಯಿಯ ಮೂಲೆ, ಮುಂಗಾಲುಗಳಲ್ಲಿ ತುರಿಕೆಯಿಲ್ಲದೆಯೇ ಕೂದಲು ಹೋದರೆ ಅದು ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿಯ ಕೆಲಸವಿರಬಹುದು. ಹಾಲೂಡುವ ತಾಯಿಯಿಂದ ಮೊದಲ ದಿನಗಳಲ್ಲಿ ಬಂದ ಈ ನುಸಿಯು ಬಹುಮಟ್ಟಿನ ನಾಯಿಗಳ ರೋಮಕೂಪದಲ್ಲಿ ನಿರುಪದ್ರವಿಯಾಗಿ ವಾಸಿಸುತ್ತಿದ್ದು, ದೇಹಶಕ್ತಿ ಕುಂದಿದಾಗ ಮಾತ್ರ ಕೇಡು ಮಾಡುತ್ತದೆ. ಇತರ ನಾಯಿಗಳಿಗೆ ಅಂಟುವುದಿಲ್ಲ. ಈ ಎರಡು ನುಸಿಗಳ ಭೇದವನ್ನು ಬರಿಗಣ್ಣು ಅರಿಯದು. ವೈದ್ಯರು ಚರ್ಮವನ್ನು ಅಲಗಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು.

ಉಣ್ಣಿ ಕಣ್ಣಿಗೆ ಕಾಣುವುದರಿಂದ ಅದರ ಪರಿಚಯ ಎಲ್ಲರಿಗೂ ಇದೆ. ಅದು ಹೊತ್ತು ತರುವ ಜ್ವರದ ಪರಿಚಯ ಕೆಲವರಿಗೆ ಮಾತ್ರ. ಉಣ್ಣಿ ಕಚ್ಚಿದ ನಾಯಿ ಉಣ್ಣದೆ ಮಂಕಾಗಿ, ವಸಡು ಬಿಳುಪೇರಿ, ಮೂಗಿನಿಂದ ರಕ್ತ ಸುರಿದರೆ ಅದು ಎರ್ಲಿಕಿಯಾ ಎಂಬ ರೋಗಾಣುವಿನ ಲಕ್ಷಣವಿರಬಹುದು. ಅಲ್ಲಿ ಒಂದು ದಿನದ ಆಲಸ್ಯವೂ ಪ್ರಾಣಕ್ಕೆ ಮುಳುವು. ಉಣ್ಣಿಯನ್ನು ಬೆರಳಿನಿಂದ ಹಿಸುಕದೆ, ಚರ್ಮದ ಸಮೀಪದಲ್ಲಿಯೇ ಚಿಮಟದಿಂದ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಚಿಗಟವೂ ತನ್ನ ಪಾಲಿನ ಕೊಡುಗೆಯೊಂದನ್ನು ತರುತ್ತದೆ: ಮೈ ಕಚ್ಚಿಕೊಳ್ಳುವಾಗ ನುಂಗಿದ ಚಿಗಟದೊಳಗಿನ ಲಾಡಿಹುಳು ನಾಯಿಯ ಕರುಳಿನಲ್ಲಿ ಬೆಳೆದು, ಅನ್ನದ ಅಗುಳಿನಂತಹ ತುಂಡುಗಳಾಗಿ ಗುದದ್ವಾರದ ಸುತ್ತ ಕಾಣಿಸಿಕೊಳ್ಳುತ್ತದೆ. ಆದಕಾರಣ ಚಿಗಟದ ಚಿಕಿತ್ಸೆಯೊಡನೆ ಜಂತಿನ ಔಷಧವೂ ಸಾಗಬೇಕು.

ಎಣ್ಣಿಯೆಂಬ ವಿಷ

ಈಗ ನೆರೆಹೊರೆಯವರ ಮೂರು ಮದ್ದುಗಳಿಗೆ ಬರೋಣ. ಸುಟ್ಟ ಎಣ್ಣೆಯು ನುಸಿಯ ಉಸಿರು ಕಟ್ಟಿಸುವುದೆಂಬ ನಂಬಿಕೆಯೇನೋ ಇದೆ. ಆದರೆ ಅದರಲ್ಲಿರುವ ಲೋಹದ ಕಲ್ಮಷವೂ ಇಂಧನದ ಶೇಷವೂ ಒಡೆದ ಚರ್ಮದ ಮೂಲಕ ಒಳಹೋಗುವುವು, ಉಳಿದುದನ್ನು ನಾಯಿ ನೆಕ್ಕಿಯೇ ನುಂಗುವುದು. ಸೀಮೆಎಣ್ಣೆ, ಫಿನಾಯಿಲುಗಳ ಮಾತೂ ಇಷ್ಟೇ.

ಎರಡನೆಯದು ಇನ್ನೂ ಭೀಕರ. ಈ ಸೀಮೆಯಲ್ಲಿ ಅಡುಗೆಯ ಎಣ್ಣೆಗೂ ಬೆಳೆಗೆ ಸಿಂಪಡಿಸುವ ಕೀಟನಾಶಕಕ್ಕೂ ‘ಎಣ್ಣಿ’ ಎಂಬ ಒಂದೇ ಹೆಸರಿರುವುದರಿಂದ, ಮಾತಿನ ಈ ಸಲಿಗೆಯೇ ವಿಷವನ್ನು ಮನೆಯ ವಸ್ತುವಿನಂತೆ ಮಾಡಿದೆ. ಹತ್ತಿ ತೊಗರಿಗಳಿಗೆ ಹೊಡೆಯುವ ಆರ್ಗನೊಫಾಸ್ಫೇಟ್ ಜಾತಿಯ ಔಷಧ ಮೈಗೆ ತಾಗಿದ ನಾಯಿ ಜೊಲ್ಲು ಸುರಿಸಿ, ವಾಂತಿ ಮಾಡಿ, ನಡುಗಿ, ಉಸಿರು ಸಿಕ್ಕಿ ಕೆಲವೇ ತಾಸುಗಳಲ್ಲಿ ಸಾಯಬಹುದು. ನಾಲ್ಕು ಹನಿಯ ಪ್ರಮಾಣವೆಂಬುದು ಬೆಳೆಗೆ ಗೊತ್ತು. ನಾಯಿಯ ನರಕ್ಕೆ ಗೊತ್ತಿಲ್ಲ.

ಮೂರನೆಯದಾದ ಲಿಂಬೆ ಇಂಡಿಯ ಹೆಮ್ಮೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು. ಊಟದ ಎಲೆಯಲ್ಲಿ ಅದು ಅಮೃತವೇ ಸರಿ, ಹಸಿಹುಣ್ಣಿನ ಮೇಲೆ ಮಾತ್ರ ಉರಿಯುವ ಆಮ್ಲ. ಒಮ್ಮೆ ಆ ಉರಿಯನ್ನುಂಡ ನಾಯಿ ಮುಂದೆ ನಿಜವಾದ ಔಷಧ ಹಿಡಿದ ಕೈಯನ್ನೂ ಕಚ್ಚಲು ಬರುವುದು.

ಹಳೆಯ ಮದ್ದುಗಳನ್ನೆಲ್ಲ ತಿರಸ್ಕರಿಸಬೇಕೆಂದು ಇದರ ಅರ್ಥವಲ್ಲ. ಬೇವಿಗೆ ಕೀಟಗಳನ್ನು ದೂರವಿಡುವ ಗುಣ ಸ್ವಲ್ಪಮಟ್ಟಿಗೆ ಇದೆ. ಮೈಲಾರನ ಭಂಡಾರವಾದ ಅರಿಸಿನಕ್ಕೆ ಉರಿಯೂತವನ್ನು ಶಮನಗೊಳಿಸುವ ಗುಣವಿದೆ. ಗಂಧಕವನ್ನಂತೂ ಸುಣ್ಣದೊಡನೆ ಸೇರಿಸಿದ ದ್ರಾವಣವಾಗಿ ಆಧುನಿಕ ಪಶುವೈದ್ಯರೂ ನುಸಿಯ ಮೇಲೆ ಪ್ರಯೋಗಿಸುತ್ತಾರೆ. ಇವು ಸಹಾಯಕರು, ಸೇನಾಪತಿಯ ಸ್ಥಾನವನ್ನು ಇವುಗಳಿಗೆ ಕೊಡಬಾರದು.

ದವಾಖಾನೆಯ ದಾರಿ

ತಾಲೂಕಿನ ಪಶು ಆಸ್ಪತ್ರೆಯನ್ನು ಜನ ಇಂದಿಗೂ ದನದ ದವಾಖಾನೆಯೆಂದೇ ಕರೆಯುವರಾಗಿ, ನಾಯಿಯನ್ನು ಅಲ್ಲಿಗೆ ಒಯ್ಯಬಹುದೆಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಹೋಗುವಾಗ ಬಾಯಿಗೆ ಮೆತ್ತನೆಯ ಬಟ್ಟೆಯ ಕಟ್ಟು ಹಾಕಬೇಕು. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚೀತು. ರೇಬೀಸಿನ ಚುಚ್ಚುಮದ್ದಿನ ಬಾಕಿಯನ್ನು ಕೂಡ ಅದೇ ದಿನ ತೀರಿಸಿಕೊಳ್ಳಬಹುದು.

ಔಷಧಗಳಲ್ಲಿ ಹಳ್ಳಿಗಳವರೆಗೂ ಹೆಸರಾದುದು ಐವರ್ಮೆಕ್ಟಿನ್. ಜಪಾನಿನ ಸತೋಷಿ ಓಮುರ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೊಂದರಿಂದ ಹುಟ್ಟಿ, ವಿಲಿಯಂ ಕ್ಯಾಂಪ್ಬೆಲ್ಲರ ಶೋಧನೆಯಿಂದ ರೂಪುಗೊಂಡು, 1981ರಲ್ಲಿ ಪಶುಗಳ ಬಳಕೆಗೆ ಬಂದ ಈ ಔಷಧಕ್ಕಾಗಿ ಅವರಿಬ್ಬರೂ 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕುರಿಗೆ ತಂದ ಸೀಸೆಯಿಂದಲೇ ನಾಯಿಗೂ ಅಂದಾಜಿನಿಂದ ಚುಚ್ಚುವ ಪದ್ಧತಿ ಮಾತ್ರ ಅಪಾಯಕರ. ಕಾಲಿ ಮೊದಲಾದ ಕೆಲವು ತಳಿಗಳಲ್ಲಿಯೂ ಅವುಗಳ ಮಿಶ್ರಸಂತಾನದಲ್ಲಿಯೂ, ಈ ಔಷಧವನ್ನು ಮಿದುಳಿನಿಂದ ಹೊರಗಿಡುವ ಜೀನು ದೋಷಯುಕ್ತವಾಗಿರುವುದರಿಂದ, ಪ್ರಮಾಣ ಮೀರಿದರೆ ನಾಯಿ ತೂರಾಡಿ, ಕುರುಡಾಗಿ, ಪ್ರಜ್ಞೆ ತಪ್ಪಿ ಬೀಳಬಹುದು. ಅಲ್ಲದೆ ಇದು ನುಸಿಗೆ ಮದ್ದು. ಚಿಗಟಕ್ಕೆ ನಂಬತಕ್ಕ ಮದ್ದಲ್ಲ.

ಚಿಗಟಕ್ಕಾಗಿ ಹೆಗಲ ನಡುವಿನ ಚರ್ಮಕ್ಕೆ ಹನಿಸುವ ಫಿಪ್ರೊನಿಲ್ ಇದೆ. ಕಳೆದ ದಶಕದಲ್ಲಿ ಬಂದ ಅಫಾಕ್ಸೊಲೇನರ್, ಫ್ಲುರಲೇನರ್ ಮುಂತಾದ ಗುಳಿಗೆಗಳಿವೆ. ಈ ಗುಳಿಗೆಗಳು ಒಂದರಿಂದ ಮೂರು ತಿಂಗಳವರೆಗೆ ರಕ್ತದಲ್ಲಿದ್ದು, ಕಚ್ಚಿದ ಚಿಗಟವನ್ನೂ ಉಣ್ಣಿಯನ್ನೂ ಕೊಲ್ಲುತ್ತವೆ. ಬೆಲೆ ಹೆಚ್ಚು, ಮೂರ್ಛೆರೋಗವಿರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಬಾರದು. ನಾಯಿಗೆಂದು ತಂದ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ಪ್ರಾಣಾಂತಕವೆಂಬುದನ್ನು ಎರಡನ್ನೂ ಸಾಕಿದವರು ಮರೆಯಬಾರದು. ಹಾಲು ಕುಡಿಯುವ ಮರಿಗಳಿಗೆ ಇವಾವುವೂ ಸಲ್ಲವಾಗಿ, ಹಣಿಗೆಯೂ ಉಗುರುಬಿಸಿ ನೀರೂ ಸಾಕು.

ಹುಣ್ಣಿನ ಆರೈಕೆಯಲ್ಲಿ ಮೊದಲನೆಯದು ಗಾಳಿಯಾಡಗೊಡುವುದು. ಸುತ್ತಲ ಕೂದಲನ್ನು ಕತ್ತರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಒಣಬಟ್ಟೆಯಿಂದ ಒತ್ತಿ, ನಾಯಿ ನೆಕ್ಕದಂತೆ ಕೊರಳಿಗೆ ತಳ ಕೊಯ್ದ ಪ್ಲಾಸ್ಟಿಕ್ ಬುಟ್ಟಿಯನ್ನು ತೊಡಿಸಬಹುದು. ಸ್ನಾನ ಮಾಡಿಸುವಾಗ ಮೊದಲು ಕೊರಳ ಸುತ್ತ ನೊರೆಯ ಬಳೆಯನ್ನು ಕಟ್ಟಬೇಕು. ಇಲ್ಲವಾದರೆ ನೀರು ತಾಗಿದೊಡನೆ ಚಿಗಟಗಳೆಲ್ಲ ಕಿವಿ ಕಣ್ಣುಗಳ ಕಡೆಗೆ ದಂಡೆತ್ತಿ ಹೋಗುತ್ತವೆ. ಮಳೆಗಾಲದಲ್ಲಿ ನೊಣ ಕುಳಿತು ಹುಳ ಬಿದ್ದ ಗಾಯ, ಕೀವಿನ ದುರ್ಗಂಧ, ಜ್ವರ, ಇವು ಮೂರೂ ಮನೆಮದ್ದಿನ ಎಲ್ಲೆಯನ್ನು ದಾಟಿದ ಗುರುತುಗಳು.

ನಾಯಿಯ ಸೋಮವಾರ

ಕಾಳ್ಯಾನನ್ನು ಪರೀಕ್ಷಿಸಿದ ವೈದ್ಯರು ಔಷಧ ಬರೆದುಕೊಟ್ಟು, ಕೊನೆಗೆ ಕೇಳಿದ ಪ್ರಶ್ನೆಯೊಂದೇ: “ಇದು ಮಲಗೋದು ಎಲ್ಲೆ?” ಅತ್ತೆಯೂ ನಾನೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮನೆಗೆ ಬಂದು ಆ ಗೋಣಿತಟ್ಟನ್ನು ಬಿಳಿಯ ಬಟ್ಟೆಯ ಮೇಲೆ ಕೊಡವಿದಾಗ, ಅಕ್ಕಿನುಚ್ಚಿನಂತಹ ಮೊಟ್ಟೆಗಳೂ, ಮೆಣಸಿನ ಹುಡಿಯಂತಹ ಹಿಕ್ಕೆಯೂ, ಬೆಳಕು ಕಂಡು ಹೊರಳುವ ದಾರದೆಳೆಯಂತಹ ಹುಳುಗಳೂ ಉದುರಿದುವು. ನಾಯಿಯ ಹುಣ್ಣಿನ ಬೇರು ಅಲ್ಲಿತ್ತು.

ಅಂದು ಆ ತಟ್ಟನ್ನು ಸುಟ್ಟೆವು. ಹೊಸದಾಗಿ ಎರಡು ಚೀಲಗಳನ್ನು ಮಾಡಿಕೊಂಡು, ಒಂದು ನಾಯಿಯ ಅಡಿಯಲ್ಲಿರುವಾಗ ಇನ್ನೊಂದನ್ನು ಕುದಿನೀರಿನಲ್ಲಿ ಅದ್ದಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆವು. ಹೊಸ್ತಿಲ ಬದಿಯ ನೆಲದ ಬಿರುಕುಗಳನ್ನು ಮಣ್ಣಿನಿಂದ ಮೆತ್ತಿದೆವು. ಕಸವನ್ನು ದಿನವೂ ಮೂಲೆಯಿಂದ ಮೂಲೆಗೆ ಗುಡಿಸಿ, ತಿಪ್ಪೆಗೆ ಚೆಲ್ಲದೆ ಒಲೆಗೆ ಹಾಕಿದೆವು. ಪಟ್ಟಣದ ಮನೆಯವರು ವ್ಯಾಕ್ಯೂಮ್ ಯಂತ್ರದಿಂದ ಇದನ್ನೇ ಮಾಡಬಹುದು. ಉಪದ್ರವ ಮಿತಿಮೀರಿದಲ್ಲಿ, ಮರಿಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ನಿನಂತಹ ದ್ರಾವಣವನ್ನು ವೈದ್ಯರ ಸಲಹೆಯಂತೆ ನೆಲಕ್ಕೆ ಸಿಂಪಡಿಸಬಹುದು. ಮನೆಯಲ್ಲಿರುವ ನಾಯಿ ಬೆಕ್ಕುಗಳೆಲ್ಲಕ್ಕೂ, ಅದದಕ್ಕೆ ಸಲ್ಲುವ ಮದ್ದಿನಿಂದ, ಏಕಕಾಲದಲ್ಲಿ ಚಿಕಿತ್ಸೆ ನಡೆಯಬೇಕು. ಎರಡು ವಾರಗಳ ಮೇಲೆ ಕೋಶಗಳೊಡೆದು ಹೊಸ ಚಿಗಟಗಳು ಕಾಣಿಸಿಕೊಂಡಾಗ ಔಷಧ ಸೋತಿತೆಂದು ಕೈಚೆಲ್ಲದೆ ಮೂರು ತಿಂಗಳಾದರೂ ನಡೆಸಬೇಕು. ನೆಲದಲ್ಲಿ ಕಾದಿರುವ ಕೊನೆಯ ಪಾಳಿಯೂ ಹೊರಬಂದು ಸಾಯಲು ಅಷ್ಟು ಕಾಲ ಬೇಕಾಗುತ್ತದೆ.

ಮೂರು ತಿಂಗಳು ನೆನಪಿಟ್ಟು ವಾರಕ್ಕೊಮ್ಮೆ ಮಾಡುವುದೆಂದರೆ ಸುಲಭವಲ್ಲ. ಅದಕ್ಕೆ ಅತ್ತೆಯೇ ದಾರಿ ಕಂಡುಕೊಂಡಳು. ಈ ಸೀಮೆಯಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅಂದು ಅದರ ಮೈ ತೊಳೆದು, ಗ್ವಾದಲಿ ಬಳಿದು, ವಿಶ್ರಾಂತಿ ಕೊಡುವುದು ಬಸವಣ್ಣನ ಹೆಸರಿನಲ್ಲಿ ನಡೆದುಬಂದ ರೂಢಿ. ನಾಯಿಯ ಚೀಲ ಬದಲಿಸುವುದನ್ನೂ ಅವಳು ಅದೇ ದಿನಕ್ಕೆ ಜೋಡಿಸಿದಳು.

ದೀವಳಿಗೆಗೆ ಮತ್ತೆ ಆ ಊರಿಗೆ ಹೋದ ರಾತ್ರಿ, ಅದೇ ಪಡಸಾಲೆಯಲ್ಲಿ ಮಲಗಿ, ಅಭ್ಯಾಸಬಲದಿಂದ ಬಾಗಿಲಿನ ಕಡೆಗೆ ಬಹಳ ಹೊತ್ತು ಕಿವಿಗೊಟ್ಟಿದ್ದೆ. ಎತ್ತಿನ ಗೆಜ್ಜೆಯ ನಾದವೊಂದೇ ಕೇಳಿಬರುತ್ತಿತ್ತು. ಬೆಳಗ್ಗೆ ಮಾಳಿಗೆಯ ಮೇಲೆ ಚೀಲ ಕೊಡವುತ್ತಿದ್ದ ಅತ್ತೆಗೆ, ನಾಯಿ ಗುಣವಾದ ಮೇಲೂ ಇದೇಕೆಂದು ಕೇಳಿದೆ. ಅವಳು ಕೈ ನಿಲ್ಲಿಸದೆಯೇ ಅಂದಳು: “ಎತ್ತಿಗೊಂದ ಸ್ವಾಮಾರ ಐತಿ, ನಾಯಿಗ್ಯಾಕ ಬ್ಯಾಡ?”